ಮೂಳೆ ಮಾತು: ಕರಗೋ ಲೋಹ, ಕೂಡೋ ಮೂಳೆ

ಹೋದ ತಿಂಗಳು ಇದೇ ಕಾಲಂನಲ್ಲಿ, ಕಾಲಿಗೆ ಹಾಕಿದ ಸ್ಟೀಲ್ ಪ್ಲೇಟ್ ತೆಗೆಸಬೇಕಾ ಬೇಡ್ವಾ ಅನ್ನೋ ಪ್ರಶ್ನೆಗೆ ಉತ್ತರ ಬರೀತಾ, ಕೊನೇಲಿ "ಈಗ ಮೈಯೊಳಗೇ ಕರಗಿ ಹೋಗೋ ಲೋಹದ ಸ್ಕ್ರೂಗಳೂ ಬಂದಿವೆ" ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲು ಹಿಡ್ಕೊಂಡೇ ಇಷ್ಟೊಂದು ಕಾಗದ, ಮೇಲ್, ವಾಟ್ಸಾಪ್ ಬಂದಿವೆ ಅಂದ್ರೆ ಈ ಸಲ ಬೇರೆ ಯಾವ ಪ್ರಶ್ನೆನೂ ತಗೊಳ್ಳದೆ ಅದಕ್ಕೇ ಪೂರ್ತಿ ಜಾಗ ಕೊಡ್ತಿದೀನಿ. ಬಹಳ ಜನ ಕೇಳಿರೋದು ಒಂದೇ ವಿಷಯ: ಲೋಹ ಕರಗಿ ಹೋಗತ್ತೆ ಸರಿ, ಅದರ ಸುತ್ತ ಇರೋ ಮೂಳೆ ಕಥೆ ಏನು?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳು ಅಳಿಯ ಜರ್ಮನಿಯಲ್ಲಿದಾರೆ. ಮಗಳಿಗೆ ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿ, ಬುಡದಲ್ಲಿ ಗಂಟು ಬಂದು ಚಪ್ಪಲಿ ಹಾಕೋಕೂ ಆಗ್ತಿರಲಿಲ್ಲ, ಅಲ್ಲೇ ಆಪರೇಷನ್ ಮಾಡಿ ಮೆಗ್ನೀಸಿಯಂ ಸ್ಕ್ರೂ ಹಾಕಿದ್ರು, ತಾನೇ ಕರಗತ್ತಂತೆ. ಎರಡು ತಿಂಗಳಾದ್ಮೇಲೆ ಊರಿಗೆ ಬಂದಾಗ ಸ್ವಲ್ಪ ಊತ ಇದೆ ಅಂತ ಇಲ್ಲಿ ಎಕ್ಸ್‌ರೇ ತೆಗೆಸಿದ್ವಿ. ಸ್ಕ್ರೂ ಸುತ್ತ ಕಪ್ಪಗಿದೆ, ಇನ್ಫೆಕ್ಷನ್ ಇರಬಹುದು, ತೆಗೆಸೋದು ಒಳ್ಳೇದು ಅಂದ್ರು. ನನಗೆ ರಾತ್ರಿ ನಿದ್ದೆ ಇಲ್ಲ. ಮೂಳೆ ಕೊಳೀತಿದೆಯಾ? (ತುಮಕೂರಿನ ತಾಯಿಯೊಬ್ಬರು)

ಉತ್ತರ: ಅಮ್ಮಾ, ಮೊದಲು ಒಂದು ಮಾತು, ನಿಮ್ಮೂರಿನ ಡಾಕ್ಟರ್ ತಪ್ಪು ಹೇಳಿಲ್ಲ. ನಾವೆಲ್ಲ ಕಲಿತಿರೋದೇ ಹಾಗೆ. ಸ್ಟೀಲ್ ಅಥವಾ ಟೈಟಾನಿಯಂ ಸ್ಕ್ರೂ ಸುತ್ತ ಕಪ್ಪು ಗೆರೆ ಕಂಡ್ರೆ ಅದರರ್ಥ ಸ್ಕ್ರೂ ಸಡಿಲ ಆಗಿದೆ ಅಥವಾ ಕೀವಾಗಿದೆ ಅಂತ. ಆದ್ರೆ ಮೆಗ್ನೀಸಿಯಂ ವಿಷಯದಲ್ಲಿ ಅದೇ ಚಿತ್ರಕ್ಕೆ ಅರ್ಥ ಬೇರೆ ಇರತ್ತೆ, ಇದನ್ನ ಎಷ್ಟೋ ಕಡೆ ಗೊಂದಲ ಮಾಡ್ಕೊಂಡು ಸುಮ್ಮನೆ ಇನ್ನೊಂದು ಆಪರೇಷನ್ ಮಾಡಿಬಿಡೋ ಅಪಾಯ ಇದೆ, ಹಾಗಾಗಿ ಸ್ವಲ್ಪ ವಿವರವಾಗೇ ಬರೀತೀನಿ.

ಮೆಗ್ನೀಸಿಯಂ ನೀರಿನ ಜೊತೆ ಸೇರಿದ್ರೆ ಎರಡು ವಸ್ತು ಹುಟ್ಟತ್ತೆ. ಒಂದು ಮೆಗ್ನೀಸಿಯಂ ಹೈಡ್ರಾಕ್ಸೈಡ್, ಅಂದ್ರೆ ಮಲಬದ್ಧತೆಗೆ, ಹುಳಿತೇಗಿಗೆ ಕುಡೀತೀವಲ್ಲ ಆ ಬಿಳಿ ಮಿಲ್ಕ್ ಆಫ್ ಮೆಗ್ನೀಷಿಯಾ, ಅದೇ ವಸ್ತು. ಇನ್ನೊಂದು ಹೈಡ್ರೋಜನ್ ಗ್ಯಾಸ್. ಹೈಡ್ರಾಕ್ಸೈಡ್ ಸ್ಕ್ರೂ ಮೇಲೆ ಒಂದು ಪದರದ ಹಾಗೆ ಕೂರತ್ತೆ, ನಮ್ಮ ರಕ್ತದಲ್ಲಿ, ಮೂಳೆ ರಸದಲ್ಲಿ ಇರೋ ಉಪ್ಪಿನ ಅಂಶ ಆ ಪದರವನ್ನ ಮೆಲ್ಲಗೆ ಕೊರೀತಾ ಹೋಗತ್ತೆ, ಕೆಳಗಿನ ಲೋಹ ಮತ್ತೆ ಸವೆಯತ್ತೆ, ಹೀಗೇ ನಡೀತಾ ಇರತ್ತೆ. ಹುಟ್ಟಿದ ಗ್ಯಾಸ್ ಸುತ್ತಲಿನ ಮೂಳೆ ಸಂದಿಗಳಲ್ಲಿ ಸ್ವಲ್ಪ ಕಾಲ ನಿಂತು ಆಮೇಲೆ ರಕ್ತದಲ್ಲಿ ಸೇರಿ ಹೋಗತ್ತೆ. ಎಕ್ಸ್‌ರೇನಲ್ಲಿ ಗ್ಯಾಸ್ ಯಾವತ್ತೂ ಕಪ್ಪು. ಜೊತೆಗೆ ಮೆಗ್ನೀಸಿಯಂ ಅನ್ನೋದೇ ಬಹಳ ಹಗುರ ಲೋಹ, ಸವೀತಾ ಹೋದ ಹಾಗೆ ಇನ್ನೂ ಮಸುಕಾಗತ್ತೆ. ಹಾಗಾಗಿ ಆರರಿಂದ ಹನ್ನೆರಡು ವಾರದ ಒಳಗೆ ಸ್ಕ್ರೂ ಸುತ್ತ ಕಪ್ಪು ಕಾಣಿಸ್ಕೊಳ್ಳೋದು ಈ ಲೋಹದ ಸ್ವಭಾವದಲ್ಲೇ ಇದೆ, ತಿಂಗಳುಗಳು ಕಳೆದ ಹಾಗೆ ಆ ಜಾಗದಲ್ಲಿ ಹೊಸ ಮೂಳೆ ತುಂಬ್ತಾ ಬಂದು ಕಪ್ಪು ಕಮ್ಮಿ ಆಗತ್ತೆ. ಸ್ಕ್ರೂ ಪೂರ್ತಿ ಬದಲಾಗೋಕೆ ಒಂದರಿಂದ ಎರಡು ವರ್ಷ ಹಿಡಿಯತ್ತೆ.

ಈಗ ನಿಮ್ಮ ಮಗಳ ವಿಷಯ. ನಾನು ಎಕ್ಸ್‌ರೇ ನೋಡಿಲ್ಲ, ಇಲ್ಲಿಂದಲೇ "ಏನೂ ಇಲ್ಲ ಬಿಡಿ" ಅಂತ ಹೇಳೋದು ಸರಿ ಅಲ್ಲ. ನೋಡಬೇಕಾದ್ದು ಕಾಲನ್ನ. ಗಾಯದ ಜಾಗ ಕೆಂಪಗಿದೆಯಾ, ಮುಟ್ಟಿದ್ರೆ ಬಿಸಿ ಇದೆಯಾ, ನೀರು ಅಥವಾ ಕೀವು ಒಸರ್ತಿದೆಯಾ, ಜ್ವರ ಬರ್ತಿದೆಯಾ, ಮೊದಲು ಕಮ್ಮಿ ಆಗಿದ್ದ ನೋವು ಮತ್ತೆ ಜಾಸ್ತಿ ಆಗಿದೆಯಾ? ಇದರಲ್ಲಿ ಯಾವುದಾದ್ರೂ ಇದ್ರೆ ತಡ ಮಾಡದೆ ತೋರಿಸಿ. ಜೊತೆಗೆ ಸಿಆರ್‌ಪಿ, ಇಎಸ್‌ಆರ್ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿನ ಸುಳಿವು ಇದ್ರೆ ಅದರಲ್ಲಿ ಗೊತ್ತಾಗತ್ತೆ. ಇವೆಲ್ಲ ಸರಿ ಇದ್ದು, ಮೂಳೆ ಕತ್ತರಿಸಿ ಕೂಡಿಸಿದ ಜಾಗ ಕೂಡ್ತಾ ಇದ್ರೆ ಬರೀ ಕಪ್ಪು ನೋಡಿ ಸ್ಕ್ರೂ ತೆಗೆಸೋ ಅವಸರ ಬೇಡ. ಆಪರೇಷನ್ ಮಾಡಿದ ಜರ್ಮನಿಯ ಡಾಕ್ಟರಿಗೆ ಈ ಎಕ್ಸ್‌ರೇ ಕಳಿಸಿ ಕೇಳಿ, ಅವರು ಇಂಥ ಚಿತ್ರ ನೋಡಿರ್ತಾರೆ. ಆಪರೇಷನ್ ಆಗಿ ಎರಡೇ ತಿಂಗಳಿಗೆ ವಿಮಾನದಲ್ಲಿ ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತು ಬಂದವರಿಗೆ ಸ್ವಲ್ಪ ಊತ ಇರೋದು ಸಹಜವೇ, ಆದ್ರೆ ಒಂದೇ ಕಾಲಿನ ಮೀನಖಂಡ ಊದಿ ನೋಯ್ತಿದ್ರೆ ಅದು ಬೇರೆ ವಿಷಯ, ರಕ್ತ ಹೆಪ್ಪುಗಟ್ಟಿದೆಯಾ ಅಂತ ಅವತ್ತೇ ನೋಡಿಸಬೇಕು.

ಒಂದು ಸಮಾಧಾನದ ವಿಷಯ ಹೇಳ್ತೀನಿ. ಈ ಸ್ಕ್ರೂಗಳು ಮೊದಲು ಮನುಷ್ಯರ ಮೇಲೆ ಸರಿಯಾಗಿ ಹೋಲಿಸಿ ನೋಡಿದ್ದೇ ನಿಮ್ಮ ಮಗಳಿಗಾದ ಇದೇ ಹೆಬ್ಬೆರಳಿನ ಆಪರೇಷನ್‌ನಲ್ಲಿ, ಅದೂ ಜರ್ಮನಿಯ ಹ್ಯಾನೋವರ್‌ನಲ್ಲಿ. 26 ಜನರಲ್ಲಿ ಅರ್ಧ ಜನಕ್ಕೆ ಮೆಗ್ನೀಸಿಯಂ ಸ್ಕ್ರೂ, ಅರ್ಧ ಜನಕ್ಕೆ ಟೈಟಾನಿಯಂ ಸ್ಕ್ರೂ ಹಾಕಿ ಆರು ತಿಂಗಳು ನೋಡಿದ್ರು, 2013ರಲ್ಲಿ ಪ್ರಕಟ ಆಯ್ತು, ಎರಡೂ ಗುಂಪು ಸಮಾನವಾಗಿ ವಾಸಿ ಆಗಿತ್ತು. ಅದೇ ವರ್ಷ ಅದಕ್ಕೆ ಯುರೋಪಿನ ಮಾರಾಟದ ಅನುಮತಿನೂ ಸಿಕ್ತು. 26 ಜನ ಅಂದ್ರೆ ಸಣ್ಣ ಸಂಖ್ಯೆ, ಅದು ನನಗೂ ಗೊತ್ತು, ಆಮೇಲೆ ಬಹಳ ಜನಕ್ಕೆ ಹಾಕಿದಾರೆ.

ಪ್ರಶ್ನೆ: ನನಗೆ ಆರು ವರ್ಷದ ಹಿಂದೆ ಟ್ರ್ಯಾಕ್ಟರ್ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು, ಸ್ಟೀಲ್ ಪ್ಲೇಟ್ ಹಾಕಿದಾರೆ. ಊರಲ್ಲಿ ಎಲ್ರೂ ಕಬ್ಬಿಣ ಮೂಳೆ ತಿಂತದೆ, ಒಳಗೆ ಟೊಳ್ಳಾಗ್ತದೆ ಅಂತಾರೆ. ನಿಜವೇ? ಕರಗೋ ಲೋಹ ಹಾಕಿದ್ರೆ ಹಾಗೆ ಆಗಲ್ವೇ? (ಹಾವೇರಿ ಜಿಲ್ಲೆಯ ರೈತರು)

ಉತ್ತರ: ತಿನ್ನೋದಿಲ್ಲ, ಆದ್ರೆ ಊರವರ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ.

ಮೂಳೆ ಕಲ್ಲಲ್ಲ, ದಿನಾ ಕೆಡವಿ ದಿನಾ ಕಟ್ಟೋ ಮನೆ ಥರ. ಒಂದು ಜಾತಿಯ ಜೀವಕಣ ಹಳೇ ಮೂಳೆ ಕರಗಿಸ್ತಾ ಹೋಗತ್ತೆ, ಅದರ ಹಿಂದೆನೇ ಇನ್ನೊಂದು ಜಾತಿಯ ಕಣ ಹೊಸದು ಕಟ್ತಾ ಬರತ್ತೆ. ಎಲ್ಲಿ ಎಷ್ಟು ಕಟ್ಟಬೇಕು ಅನ್ನೋದು ಆ ಜಾಗದ ಮೇಲೆ ಬೀಳೋ ಭಾರ ನೋಡ್ಕೊಂಡು ತೀರ್ಮಾನ ಆಗತ್ತೆ. ಜರ್ಮನಿಯ ಸರ್ಜನ್ ಯೂಲಿಯಸ್ ವೊಲ್ಫ್ 1892ರಲ್ಲೇ ಇದನ್ನ ಬರೆದಿಟ್ಟಿದಾನೆ, ಇವತ್ತಿಗೂ ನಮ್ಮ ಪಾಠದಲ್ಲಿ ಅವನ ಹೆಸರಲ್ಲೇ ನಿಯಮ ಇದೆ. ಹೊಲದಲ್ಲಿ ದುಡಿಯೋರ ಮೂಳೆ ಗಟ್ಟಿ, ವರ್ಷಗಟ್ಲೆ ಹಾಸಿಗೆ ಹಿಡಿದೋರ ಮೂಳೆ ತೆಳು. ಬಾಹ್ಯಾಕಾಶಕ್ಕೆ ಹೋದವರಿಗೆ ಭಾರನೇ ಇರಲ್ಲ ನೋಡಿ, ಸೊಂಟದ ಮೂಳೆ ತಿಂಗಳಿಗೆ ಶೇ. 1ಕ್ಕಿಂತ ಹೆಚ್ಚು ಸವೆಯತ್ತೆ.

ಈಗ ನಿಮ್ಮ ಪ್ಲೇಟ್. ಬಿಗಿತ ಅಳೆಯೋ ಲೆಕ್ಕದಲ್ಲಿ ಗಟ್ಟಿ ಮೂಳೆ 10ರಿಂದ 30 ಗಿಗಾಪ್ಯಾಸ್ಕಲ್, ಸ್ಟೀಲ್ ಸುಮಾರು 200, ಟೈಟಾನಿಯಂ ಮಿಶ್ರಲೋಹ ಸುಮಾರು 110. ಮೂಳೆ ಪಕ್ಕದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬಿಗಿ ಇರೋ ಪಟ್ಟಿ ಕಟ್ಟಿದ್ರೆ, ನಡೆಯುವಾಗ ಬೀಳೋ ಭಾರವನ್ನ ಪಟ್ಟಿನೇ ಹೊತ್ತುಬಿಡತ್ತೆ. ಕೆಳಗಿರೋ ಮೂಳೆಗೆ ಕೆಲಸ ಇಲ್ಲ, ಕೆಲಸ ಇಲ್ಲದ ಮೂಳೆ ತೆಳ್ಳಗಾಗತ್ತೆ, ಸಣ್ಣ ಸಣ್ಣ ತೂತು ಬೀಳತ್ತೆ. ಅದಲ್ದೆ ಪ್ಲೇಟ್ ಮೂಳೆ ಮೇಲೆ ಒತ್ತಿ ಕೂತಾಗ ಮೇಲ್ಪದರದ ರಕ್ತ ಸಂಚಾರನೂ ಕಮ್ಮಿ ಆಗತ್ತೆ, ಅದರಿಂದ್ಲೂ ಹೀಗಾಗತ್ತೆ, ಅದಕ್ಕೇ ಈಗಿನ ಪ್ಲೇಟ್‌ಗಳ ಕೆಳಭಾಗದಲ್ಲಿ ಹಳ್ಳ ಬಿಟ್ಟು, ಮೂಳೆಗೆ ತಾಗೋ ಜಾಗ ಕಮ್ಮಿ ಮಾಡಿರ್ತಾರೆ. ನಿಮ್ಮೂರವರು "ಕಬ್ಬಿಣ ತಿಂತು" ಅಂತ ಹೇಳ್ತಿರೋದು ಇದನ್ನೇ.

ಮೆಗ್ನೀಸಿಯಂನ ಬಿಗಿತ ಸುಮಾರು 45. ಮೂಳೆಗೆ ಹತ್ತಿರ. ಜೊತೆಗೆ ಅದು ಸವೆದ ಹಾಗೆ ತಾನು ಹೊತ್ತಿದ್ದ ಭಾರವನ್ನ ಸ್ವಲ್ಪ ಸ್ವಲ್ಪ ಮೂಳೆಗೆ ವಾಪಸ್ ಕೊಡ್ತಾ ಹೋಗತ್ತೆ, ಮೂಳೆ ಅದಕ್ಕೆ ತಕ್ಕ ಹಾಗೆ ಗಟ್ಟಿ ಆಗ್ತಾ ಬರತ್ತೆ. ಕೇಳೋಕೆ ಬಹಳ ಚೆನ್ನಾಗಿದೆ ಅಲ್ವಾ, ಆದ್ರೆ ನಿಮ್ಮ ಮೊಣಕಾಲ ಕೆಳಗಿನ ದಪ್ಪ ಮೂಳೆಗೆ, ಅದೂ ಹೊಲದ ಕೆಲಸ ಮಾಡೋ ಕಾಲಿಗೆ, ಮೆಗ್ನೀಸಿಯಂ ಪ್ಲೇಟ್ ಸಾಲಲ್ಲ. ಅಷ್ಟು ಶಕ್ತಿ ಅದಕ್ಕಿಲ್ಲ. ಈಗ ಅದರ ಜಾಗ ಸಣ್ಣ ಮೂಳೆಗಳಲ್ಲಿ, ಪಾದ, ಕೈ, ಮಣಿಕಟ್ಟು, ಹಿಮ್ಮಡಿ ಗಂಟು ಇಂಥ ಕಡೆ. ನಿಮ್ಮ ಸ್ಟೀಲ್ ಪ್ಲೇಟ್ ಆರು ವರ್ಷದಿಂದ ನೋವು ಕೊಡದೆ ಕೂತಿದ್ರೆ ಇರ್ಲಿ ಬಿಡಿ. ತೆಗೆಸಿದ್ರೂ ಸ್ಕ್ರೂ ಇದ್ದ ತೂತುಗಳು ತುಂಬೋ ತನಕ ಅಲ್ಲೇ ಮತ್ತೆ ಮುರಿಯೋ ಅಪಾಯ ಇರತ್ತೆ, ಆ ತಿಂಗಳುಗಳಲ್ಲಿ ಮೂಟೆ ಹೊರೋ ಹಾಗಿಲ್ಲ.

ಪ್ರಶ್ನೆ: ಹೈಡ್ರೋಜನ್ ಅಂದ್ರೆ ಬೆಂಕಿ ಹತ್ತಿಕೊಳ್ಳೋ ಗ್ಯಾಸ್ ಅಲ್ವಾ? ಮೈಯೊಳಗೆ ಅದು ತುಂಬ್ಕೊಂಡ್ರೆ ಮೂಳೆ ಸೀಳಲ್ವಾ? ಎಂಆರ್‌ಐ ಮಾಡಿಸಬಹುದಾ? (ಮೈಸೂರು)

ಉತ್ತರ: ಒಂದು ಲೆಕ್ಕ ಹಾಕೋಣ. ಒಂದು ಗ್ರಾಂ ಮೆಗ್ನೀಸಿಯಂ ಪೂರ್ತಿ ಕರಗಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ಹೈಡ್ರೋಜನ್ ಬರತ್ತೆ. ಮೂರು ಸೆಂಟಿಮೀಟರ್ ಉದ್ದದ ಸಣ್ಣ ಸ್ಕ್ರೂ ತೂಕ ಅರ್ಧ ಗ್ರಾಂಗಿಂತ ಕಮ್ಮಿ, 0.4 ಗ್ರಾಂ ಅಂತಿಟ್ಕೊಳ್ಳಿ. ಒಟ್ಟು 400 ಮಿಲಿಲೀಟರ್ ಗ್ಯಾಸ್. ಅದು ಒಂದು ವರ್ಷದಲ್ಲಿ ಕರಗಿದ್ರೆ ದಿನಕ್ಕೆ ಒಂದು ಮಿಲಿಲೀಟರ್ ಚಿಲ್ಲರೆ, ರಕ್ತ ಅದನ್ನ ಆರಾಮಾಗಿ ತಗೊಂಡು ಹೋಗತ್ತೆ, ಶ್ವಾಸದಲ್ಲಿ ಹೊರಗೆ ಹೋಗತ್ತೆ. ನಮ್ಮ ಕರುಳಲ್ಲಿ ಬೇಳೆಕಾಳು ತಿಂದಾಗ ಹುಟ್ಟೋ ಗ್ಯಾಸಿನಲ್ಲೂ ಹೈಡ್ರೋಜನ್ ಇರತ್ತೆ. ಅದೇ ಸ್ಕ್ರೂ ಎಂಟೇ ದಿನದಲ್ಲಿ ಕರಗಿದ್ರೆ? ದಿನಕ್ಕೆ 50 ಮಿಲಿಲೀಟರ್. ಮೂಳೆಯಂಥ ಇಕ್ಕಟ್ಟಿನ ಜಾಗದಲ್ಲಿ ಅದನ್ನ ಸಾಗಿಸೋಕೆ ರಕ್ತಕ್ಕೆ ಆಗಲ್ಲ, ಗುಳ್ಳೆ ಕಟ್ಟತ್ತೆ.

ಎಂಟು ದಿನ ಅಂತ ಸುಮ್ನೆ ಹೇಳಿದ್ದಲ್ಲ. ಬೆಲ್ಜಿಯಂನ ಸರ್ಜನ್ ಆಲ್ಬಿನ್ ಲಾಂಬೋಟ್, ಮುರಿದ ಮೂಳೆಗೆ ಪ್ಲೇಟ್ ಹಾಕೋ ವಿದ್ಯೆ ಕಟ್ಟಿದವರಲ್ಲಿ ದೊಡ್ಡ ಹೆಸರು, ಅವರು 1907ರ ಹೊತ್ತಿಗೆ ಒಬ್ಬ ಹುಡುಗನ ಕಾಲಿಗೆ ಮೆಗ್ನೀಸಿಯಂ ಪ್ಲೇಟ್ ಹಾಕಿ, ಅದನ್ನ ಚಿನ್ನದ ಲೇಪ ಕೊಟ್ಟ ಸ್ಟೀಲ್ ಮೊಳೆಗಳಿಂದ ಬಿಗಿದ್ರು. ಎಂಟು ದಿನಕ್ಕೆ ಪ್ಲೇಟ್ ಚೂರುಚೂರು, ಚರ್ಮದ ಕೆಳಗೆಲ್ಲ ಗ್ಯಾಸ್. ಕಾರಣ ಎರಡು. ಆಗಿನ ಮೆಗ್ನೀಸಿಯಂ ಶುದ್ಧ ಇರ್ತಿರಲಿಲ್ಲ, ಕಬ್ಬಿಣ, ನಿಕ್ಕಲ್, ತಾಮ್ರದ ಅಂಶ ಲಕ್ಷಕ್ಕೆ ಕೆಲವು ಪಾಲು ಬೆರೆತಿದ್ರೂ ಸಾಕು ಅದು ಎಷ್ಟೋ ಪಟ್ಟು ಬೇಗ ಕೊರೆದು ಹೋಗತ್ತೆ. ಎರಡನೇದು ದೊಡ್ಡದು: ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ತಾಗಿಸಿಟ್ರೆ ಅದೊಂದು ಬ್ಯಾಟರಿ. ಮೈಯೊಳಗಿನ ರಸ ಉಪ್ಪುನೀರೇ ತಾನೆ, ಸ್ಟೀಲ್ ಉಳೀತು, ಮೆಗ್ನೀಸಿಯಂ ಕರಗಿ ಹೋಯ್ತು. ಲಾಂಬೋಟ್ ಕೈಬಿಡಲಿಲ್ಲ. ಅವರೂ ಅವರ ಶಿಷ್ಯ ವೆರ್‌ಬ್ರೂಗೆನೂ ಆಮೇಲೆ ಬೇರೆ ಲೋಹ ತಾಗಿಸದೆ ಮಕ್ಕಳ ಮುರಿದ ಮೂಳೆಗಳಲ್ಲಿ ಮೆಗ್ನೀಸಿಯಂ ಮಾತ್ರ ಬಳಸಿ ಒಳ್ಳೇ ಫಲಿತಾಂಶ ಪಡೆದ್ರು. ಇವತ್ತಿಗೂ ಈ ಪಾಠ ನಿಯಮವಾಗಿ ಉಳಿದಿದೆ, ಮೆಗ್ನೀಸಿಯಂ ಸ್ಕ್ರೂಗೆ ಸ್ಟೀಲ್ ಪ್ಲೇಟ್ ತಾಗಬಾರದು.

ಗುಳ್ಳೆ ಮೂಳೆಗೆ ಏನು ಮಾಡತ್ತೆ ಅಂತ ಪ್ರಾಣಿಗಳಲ್ಲಿ ಚೆನ್ನಾಗಿ ನೋಡಿದಾರೆ. 2012ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನವರು ಇಲಿಗಳ ತೊಡೆ ಮೂಳೆಯಲ್ಲಿ ಎರಡು ಥರದ ಮೆಗ್ನೀಸಿಯಂ ಕಡ್ಡಿ ಇಟ್ಟು ನೋಡಿದ್ರು, ಒಂದು ಬೇಗ ಕರಗೋದು, ಒಂದು ನಿಧಾನ. ಬೇಗ ಕರಗಿದ್ದರ ಸುತ್ತ ಗ್ಯಾಸ್ ಜಾಸ್ತಿ ಆಗಿ ಮೂಳೆ ಹತ್ತಿರ ಬರೋಕೇ ಆಗಲಿಲ್ಲ, ದೂರ ಸರಿದು ನಿಂತ್ಕೊಳ್ತು. ನಿಧಾನದ್ದರ ಸುತ್ತ ಮೂಳೆ ಅಂಟಿಕೊಂಡೇ ಬೆಳೀತು. ನನಗೆ ಬಹಳ ಮುಖ್ಯ ಅನ್ಸಿದ್ದು ಅದರ ಮುಂದಿನ ವಿಷಯ: ಬೇಗ ಕರಗೋದು ಪೂರ್ತಿ ಮುಗಿದ ಮೇಲೆ ಆ ಕೆಟ್ಟ ಜಾಗನೂ ಮೂಳೆ ಸರಿಮಾಡ್ಕೊಳ್ತು. ಅಂದ್ರೆ ಗ್ಯಾಸಿನಿಂದ ಆಗೋದು ಸಾಮಾನ್ಯವಾಗಿ ಶಾಶ್ವತ ಹಾನಿ ಅಲ್ಲ, ಆದ್ರೆ ಆ ಹೊತ್ತಿನಲ್ಲಿ ಮುರಿದ ಮೂಳೆ ಅಲ್ಲಾಡದೆ ನಿಲ್ಲಬೇಕಲ್ಲ, ಸಮಸ್ಯೆ ಅಲ್ಲಿದೆ.

ಎಂಆರ್‌ಐ ಬಗ್ಗೆ: ಸ್ಟೀಲ್, ಟೈಟಾನಿಯಂಗಿಂತ ಮೆಗ್ನೀಸಿಯಂನಿಂದ ಚಿತ್ರ ಕೆಡೋದು ಕಮ್ಮಿ. ಆದ್ರೂ ಇಂಪ್ಲಾಂಟ್ ಇದೆ ಅಂತ ಟೆಕ್ನಿಷಿಯನ್‌ಗೆ ಮೊದಲೇ ಹೇಳಲೇಬೇಕು.

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ. ಕರಗೋ ಲೋಹ ಬೇಕು ಅಂದ್ರೆ ಕಬ್ಬಿಣಾನೂ ತುಕ್ಕು ಹಿಡಿಯತ್ತೆ, ಸತುನೂ ಇದೆ, ಮೆಗ್ನೀಸಿಯಂ ಮೇಲೇ ಯಾಕೆ ಎಲ್ಲರ ಕಣ್ಣು? ಮೂಳೆ ನಿಜವಾಗ್ಲೂ ಜಾಸ್ತಿ ಬೆಳೆಯತ್ತಾ ಅಥವಾ ಕಂಪನಿಯವರ ಮಾತಾ? (ದಾವಣಗೆರೆ)

ಉತ್ತರ: ಒಳ್ಳೇ ಪ್ರಶ್ನೆ ಕಣಪ್ಪ, ಎರಡನೇ ಭಾಗ ಇನ್ನೂ ಒಳ್ಳೇದು.

ಕಬ್ಬಿಣ ಗಟ್ಟಿ, ಗ್ಯಾಸ್ ಕಾಟ ಇಲ್ಲ, ಆದ್ರೆ ಮೂಳೆಯೊಳಗೆ ವರ್ಷಗಟ್ಲೆ ಹಾಗೇ ಕೂತಿರತ್ತೆ, ಸವೆದಷ್ಟೂ ಹುಟ್ಟೋ ತುಕ್ಕು ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಹಿಡ್ದು ಅಲ್ಲೇ ಉಳ್ಕೊಳ್ಳತ್ತೆ. ಬಿಗಿತ ಸ್ಟೀಲಿನಷ್ಟೇ, ಹಾಗಾಗಿ ಹಾವೇರಿಯವರಿಗೆ ಹೇಳಿದ ತೊಂದರೆನೂ ಹಾಗೇ ಇರತ್ತೆ. ಸತು ಈ ಎರಡರ ಮಧ್ಯದ ವೇಗದಲ್ಲಿ ಕರಗತ್ತೆ, ಅದು ಒಳ್ಳೆಯ ಗುಣ, ಆದ್ರೆ ಶುದ್ಧ ಸತು ಮೆತ್ತಗೆ, ಮತ್ತೆ ಅದರ ಅಯಾನ್ (ಲೋಹ ಕರಗಿದಾಗ ರಸದಲ್ಲಿ ಸೇರೋ ಸೂಕ್ಷ್ಮ ರೂಪ) ಜಾಸ್ತಿ ಆದ್ರೆ ಜೀವಕೋಶಕ್ಕೆ ವಿಷ. ನಮಗೆ ದಿನಕ್ಕೆ ಬೇಕಿರೋ ಸತು ಹತ್ತು ಮಿಲಿಗ್ರಾಂ ಆಸುಪಾಸು, ಮೆಗ್ನೀಸಿಯಂ 300ರಿಂದ 400 ಮಿಲಿಗ್ರಾಂ. ದೇಹದಲ್ಲಿ ಒಟ್ಟು ಸುಮಾರು 25 ಗ್ರಾಂ ಮೆಗ್ನೀಸಿಯಂ ಇದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲೇ ಇದೆ, ಅಂದ್ರೆ ಮೂಳೆಗೆ ಅದು ಹೊಸಬ ಅಲ್ಲ. ಮೇಲೆ ಹೇಳಿದ 0.4 ಗ್ರಾಂ ಸ್ಕ್ರೂನ ಇಡೀ ಮೆಗ್ನೀಸಿಯಂ ಅಂದ್ರೆ 400 ಮಿಲಿಗ್ರಾಂ; 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 140 ಮಿಲಿಗ್ರಾಂ ಇರತ್ತೆ, ಹಾಗಾದ್ರೆ ಸುಮಾರು 300 ಗ್ರಾಂ ಹಿಟ್ಟಿನ ಮೂರು ಮುದ್ದೆಯಲ್ಲಿರೋಷ್ಟು. ಮುದ್ದೆಯಲ್ಲಿರೋದೆಲ್ಲ ರಕ್ತಕ್ಕೆ ಹೋಗಲ್ಲ, ಸ್ಕ್ರೂನದು ಪೂರ್ತಿ ಹೋಗತ್ತೆ, ಆ ವ್ಯತ್ಯಾಸ ಲೆಕ್ಕಕ್ಕೆ ತಗೊಂಡ್ರೂ ವರ್ಷದುದ್ದಕ್ಕೆ ಹಂಚಿದಾಗ ಅದು ಏನೂ ಅಲ್ಲ.

ಈಗ ಮೂಳೆ ಜಾಸ್ತಿ ಬೆಳೆಯತ್ತಾ ಅನ್ನೋದು. ಪ್ರಾಣಿಗಳಲ್ಲಿ ಹೌದು, ಮತ್ತೆ ಮತ್ತೆ ಕಂಡಿದೆ. 2005ರಲ್ಲಿ ಜರ್ಮನಿಯವರು ಗಿನಿಪಿಗ್ ತೊಡೆ ಮೂಳೆಯಲ್ಲಿ ನಾಲ್ಕು ಬಗೆಯ ಮೆಗ್ನೀಸಿಯಂ ಮಿಶ್ರಲೋಹದ ಕಡ್ಡಿ ಇಟ್ರು, ಹೋಲಿಕೆಗೆ ಕರಗೋ ಪ್ಲಾಸ್ಟಿಕ್ ಕಡ್ಡಿ. ಮೆಗ್ನೀಸಿಯಂ ಸುತ್ತ ಖನಿಜ ತುಂಬಿದ ಮೂಳೆ ಜಾಸ್ತಿ ಇತ್ತು. ಮೊದಲ ವಾರ ಚರ್ಮದ ಕೆಳಗೆ ಗುಳ್ಳೆ ಬಂದು ಎರಡು ಮೂರು ವಾರದಲ್ಲಿ ಹೋಯ್ತು. ಯಾಕೆ ಬೆಳೆಯತ್ತೆ ಅನ್ನೋದಕ್ಕೆ ಒಂದೇ ಕಾರಣ ಇಲ್ಲ. ಸವೆಯೋ ಲೋಹದ ಮೇಲಿನ ಪದರದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಬಂದು ಕೂತ್ಕೊಳ್ಳತ್ತೆ, ಅದು ಮೂಳೆಯ ಖನಿಜದ್ದೇ ಜಾತಿ, ಮೂಳೆ ಕಟ್ಟೋ ಕಣಗಳಿಗೆ ಪರಿಚಿತ ನೆಲ. ಸುತ್ತ ಕ್ಷಾರ ಜಾಸ್ತಿ ಆಗತ್ತೆ, ಮೂಳೆ ಕರಗಿಸೋ ಕಣಗಳಿಗೆ ಆಮ್ಲ ಇಷ್ಟ, ಕ್ಷಾರದಲ್ಲಿ ಅವು ಮಂಕಾಗ್ತವೆ. ಆದ್ರೆ ನನಗೆ ಓದಿದಾಗ ಕುರ್ಚಿಯಿಂದ ಎದ್ದು ನಿಲ್ಲೋ ಹಾಗೆ ಆಗಿದ್ದು 2016ರ ಒಂದು ಸಂಶೋಧನೆ, ಚೀನಾ, ಹಾಂಗ್‌ಕಾಂಗ್ ಕಡೆಯವರದು. ಇಲಿಯ ತೊಡೆ ಮೂಳೆಯೊಳಗೆ ಶುದ್ಧ ಮೆಗ್ನೀಸಿಯಂ ಕಡ್ಡಿ ಇಟ್ರೆ ಹೊಸ ಮೂಳೆ ಬೆಳೆದಿದ್ದು ಕಡ್ಡಿ ಪಕ್ಕದಲ್ಲಿ ಮಾತ್ರ ಅಲ್ಲ, ಮೂಳೆಯ ಹೊರಮೈಯಲ್ಲಿ! ಒಳಗಿಟ್ಟಿದ್ದಕ್ಕೆ ಹೊರಗೆ ಯಾಕೆ ಬೆಳೀತು ಅಂತ ಹುಡುಕ್ತಾ ಹೋದ್ರೆ ಸಿಕ್ಕಿದ್ದು ನರ. ಮೂಳೆಯ ಹೊರಪೊರೆಯಲ್ಲಿ ನೋವು ತಿಳಿಸೋ ನರದ ತುದಿಗಳಿವೆ, ಮೂಳೆ ಮುರಿದಾಗ ಪ್ರಾಣ ಹೋಗೋ ಹಾಗೆ ನೋಯೋದು ಬಹುಮಟ್ಟಿಗೆ ಅವುಗಳಿಂದಲೇ. ಮೆಗ್ನೀಸಿಯಂ ಅಯಾನ್ ಮೂಳೆ ದಾಟಿ ಆ ನರ ತಲುಪತ್ತೆ, ನರ ಸಿಜಿಆರ್‌ಪಿ ಅನ್ನೋ ಒಂದು ಸಣ್ಣ ಪ್ರೋಟೀನ್ ಜಾಸ್ತಿ ಬಿಡತ್ತೆ, ಅದು ಹೊರಪೊರೆಯ ಕಾಂಡಕೋಶಗಳಿಗೆ (ಮೂಳೆ ಕಟ್ಟೋ ಕಣವಾಗಿ ಬೆಳೆಯಬಲ್ಲ ಮೂಲ ಕೋಶ) ಮೂಳೆ ಕಟ್ಟು ಅಂತ ಹೇಳತ್ತೆ. ಹೊರಪೊರೆ ತೆಗೆದ್ರೆ, ಅಥವಾ ನರದ ಕೆಲಸ ನಿಲ್ಲಿಸಿದ್ರೆ, ಆ ಬೆಳವಣಿಗೆ ಇಲ್ಲ. ಇಂಪ್ಲಾಂಟ್ ಅನ್ನೋದು ಮೂಳೆಯನ್ನ ಹಿಡ್ಕೊಳ್ಳೋ ಮೊಳೆ ಅಷ್ಟೇ ಅಂತ ಅಂದ್ಕೊಂಡಿದ್ದವರಿಗೆ ಇದು ಬೇರೆ ಲೋಕ.

ಆದ್ರೆ ಇದು ಇಲಿ. ಮನುಷ್ಯರಲ್ಲಿ ಇಲ್ಲಿ ತನಕ ಧೈರ್ಯವಾಗಿ ಹೇಳಬಹುದಾದ್ದು "ಟೈಟಾನಿಯಂನಷ್ಟೇ ಚೆನ್ನಾಗಿ ಕೂಡತ್ತೆ, ಆಮೇಲೆ ತಾನೇ ಹೋಗತ್ತೆ" ಅನ್ನೋದು. ಕೊರಿಯಾದಲ್ಲಿ ಕೈ, ಮಣಿಕಟ್ಟಿನ ಮೂಳೆ ಮುರಿದ 53 ಜನಕ್ಕೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸತು ಬೆರೆಸಿದ ಸ್ಕ್ರೂ ಹಾಕಿ ನೋಡಿದ್ರು, ಒಂದು ವರ್ಷದ ಹೊತ್ತಿಗೆ ಸ್ಕ್ರೂ ಇದ್ದ ಜಾಗದಲ್ಲಿ ಮೂಳೆನೇ ಇತ್ತು. ಇದು 2016ರಲ್ಲಿ ಪ್ರಕಟ ಆಗಿದ್ದು. ಫಿನ್ಲೆಂಡಿನ ಕಂಪನಿಯೊಂದರ ಇದೇ ಥರದ ಮೂರು ಲೋಹದ ಸ್ಕ್ರೂಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಅನುಮತಿ ಕೊಡ್ತು, ಹಿಮ್ಮಡಿ ಗಂಟಿನ ಒಳಬದಿ ಮುರಿತಕ್ಕೆ.

ಇಂಜಿನಿಯರ್ ಆಗೋನು ನೀನು, ನಿನಗೆ ಒಂದು ಮಾತು. ಕರಗಿಸೋದು ಕಷ್ಟ ಅಲ್ಲ, ಮೆಗ್ನೀಸಿಯಂ ಬಿಟ್ರೆ ಸಾಕು ತಾನೇ ಕರಗತ್ತೆ. ಮೂಳೆಯ ವೇಗಕ್ಕೆ ಕರಗಿಸೋದು ಕಷ್ಟ. ಮನೆ ಮೋಲ್ಡ್ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚೋಕೆ ಮೇಸ್ತ್ರಿ ಯಾಕೆ ಇಷ್ಟೇ ದಿನ ಅಂತ ಕಾಯ್ತಾನೆ? ಮೊದಲೇ ಬಿಚ್ಚಿದ್ರೆ ಮೋಲ್ಡ್ ಕುಸಿಯತ್ತೆ. ಮುರಿದ ಮೂಳೆಯಲ್ಲಿ ಮೊದಲ ಎರಡು ಮೂರು ವಾರ ಮೆತ್ತನೆ ಅಂಟು, ಆರರಿಂದ ಹನ್ನೆರಡು ವಾರಕ್ಕೆ ಗಟ್ಟಿ ಕ್ಯಾಲಸ್ (ಮುರಿದ ಜಾಗ ಕೂಡಿಸೋ ಹೊಸ ಮೂಳೆ), ಆಮೇಲೆ ತಿಂಗಳು ವರ್ಷಗಟ್ಲೆ ಅದನ್ನ ತಿದ್ದೋದು. ಆ ಹನ್ನೆರಡು ವಾರ ಸ್ಕ್ರೂ ಬಲ ಬಿಡಬಾರದು. ತೊಂದರೆ ಏನಂದ್ರೆ ಒಂದೇ ಸ್ಕ್ರೂ ಎಲ್ಲ ಕಡೆ ಒಂದೇ ವೇಗದಲ್ಲಿ ಕರಗಲ್ಲ, ಗಟ್ಟಿ ಮೂಳೆಯೊಳಗಿನ ಭಾಗ ನಿಧಾನ, ರಕ್ತ ಜಾಸ್ತಿ ಇರೋ ಮಜ್ಜೆಯೊಳಗೆ, ಮಾಂಸಕ್ಕೆ ತಾಗಿದ ತಲೆಯ ಭಾಗದಲ್ಲಿ ಬೇಗ. ಇದಕ್ಕೆ ಲೋಹ ಶುದ್ಧ ಮಾಡ್ತಾರೆ, ಯಿಟ್ರಿಯಂನಂಥ ಅಪರೂಪದ ಲೋಹ ಬೆರೆಸ್ತಾರೆ, ಮೇಲೆ ಲೇಪ ಕೊಡ್ತಾರೆ. ಅಪರೂಪದ ಲೋಹಗಳು ದೇಹದಲ್ಲಿ ಎಲ್ಲಿ ಎಷ್ಟು ಕಾಲ ಉಳೀತವೆ ಅನ್ನೋ ಚಿಂತೆಯಿಂದಲೇ ಕ್ಯಾಲ್ಸಿಯಂ, ಸತು ಮಾತ್ರ ಬೆರೆಸೋ ದಾರಿ ಹುಟ್ಟಿದ್ದು, ನನಗೂ ಆ ದಾರಿನೇ ಸರಿ ಅನ್ಸತ್ತೆ. ಅಲ್ಯೂಮಿನಿಯಂ ಬೆರೆಸಿದ್ದು ಮೈಯೊಳಗೆ ಬೇಡ. ಪ್ರಾಜೆಕ್ಟ್ ವಿಷಯ ಹುಡುಕ್ತಿದ್ರೆ ಇದನ್ನ ತಗೋ, ಮೆಟಲರ್ಜಿ ಗೊತ್ತಿರೋ ಹುಡುಗ್ರು ಈ ಕಡೆ ಬರೋದು ನಮಗೆ ಬಹಳ ಬೇಕಾಗಿದೆ.

ಪ್ರಶ್ನೆ: ಕಬಡ್ಡಿ ಆಡುವಾಗ ಮಂಡಿ ಲಿಗಮೆಂಟ್ ಹರಿದು ಎಸಿಎಲ್ ಆಪರೇಷನ್ ಆಯ್ತು. ಬಯೋ ಸ್ಕ್ರೂ ಹಾಕಿದೀವಿ ಕರಗತ್ತೆ ಅಂದ್ರು. ಅದೇನಾ ಇದು? (ಮಂಡ್ಯ)

ಉತ್ತರ: ಬಹುಮಟ್ಟಿಗೆ ಅಲ್ಲ. ಎಸಿಎಲ್‌ನಲ್ಲಿ ಬಯೋ ಸ್ಕ್ರೂ ಅನ್ನೋದು ಸಾಮಾನ್ಯವಾಗಿ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್, ಕೆಲವದರಲ್ಲಿ ಮೂಳೆ ಖನಿಜದ ಪುಡಿ ಬೆರೆಸಿರ್ತಾರೆ. ಅದು ಕರಗುವಾಗ ಕ್ಷಾರ ಅಲ್ಲ ಆಮ್ಲ ಹುಟ್ಟತ್ತೆ, ವರ್ಷಗಟ್ಲೆ ಉಳಿಯೋದೂ ಇದೆ, ಕೆಲವರಲ್ಲಿ ಸ್ಕ್ರೂ ಸುತ್ತ ಮೂಳೆ ತೂತು ಅಗಲ ಆಗೋದು, ನೀರುಗುಳ್ಳೆ ಕಟ್ಟೋದು ಆಗತ್ತೆ. ಭಯ ಪಡೋ ಅಗತ್ಯ ಇಲ್ಲ, ಬಹಳ ವರ್ಷದಿಂದ ಬಳಕೆಯಲ್ಲಿರೋ ಸ್ಕ್ರೂ ಅದು. ಡಾಕ್ಟರ್ ಒಪ್ಪೋ ತನಕ ಅಂಕಣಕ್ಕೆ ಮಾತ್ರ ಇಳಿಯಬೇಡಿ.

ಪ್ರಶ್ನೆ: ನಮ್ಮ ಅಜ್ಜಿಗೆ 78, ಮೂಳೆ ಸವೆತ ಇದೆ, ಬಚ್ಚಲಲ್ಲಿ ಜಾರಿ ಸೊಂಟ ಮುರಿದಿದೆ. ಮೆಗ್ನೀಸಿಯಂ ಸ್ಕ್ರೂ ಹಾಕಿಸಿದ್ರೆ ಮೂಳೆನೂ ಗಟ್ಟಿ ಆಗತ್ತೆ ಅಂತ ಯಾರೋ ಹೇಳಿದ್ರು, ಹುಡುಕ್ತಾ ಇದೀವಿ. (ಶಿವಮೊಗ್ಗ)

ಉತ್ತರ: ಹುಡುಕೋದು ಇವತ್ತೇ ನಿಲ್ಲಿಸಿ ದಯವಿಟ್ಟು. ಸೊಂಟ ಮುರಿದ ವಯಸ್ಸಾದವರಿಗೆ ಒಂದೊಂದು ದಿನನೂ ಲೆಕ್ಕ, ಮಲಗಿದಷ್ಟೂ ನ್ಯುಮೋನಿಯಾ, ಬೆನ್ನು ಹುಣ್ಣು, ರಕ್ತ ಹೆಪ್ಪು. ಆದಷ್ಟು ಬೇಗ, ಸಾಧ್ಯವಾದ್ರೆ ಒಂದೆರಡು ದಿನದಲ್ಲೇ ಆಪರೇಷನ್ ಮಾಡಿಸಿ ಎಬ್ಬಿಸಿ ಕೂರಿಸಬೇಕು. ಆ ಜಾಗದ ಭಾರ ಹೊರೋಕೆ ಸ್ಟೀಲ್, ಟೈಟಾನಿಯಂ ಅಥವಾ ಅರ್ಧ ಕೀಲು ಬದಲಿ ಬೇಕು, ಮೆಗ್ನೀಸಿಯಂ ಅಲ್ಲ. ಚೀನಾದಲ್ಲಿ ಸೊಂಟದಲ್ಲಿ ಮೆಗ್ನೀಸಿಯಂ ಸ್ಕ್ರೂ ಬಳಸಿರೋದು ನಿಜ, 48 ಜನರ ಮೇಲಿನ ಅಧ್ಯಯನ 2016ರಲ್ಲಿ ಬಂತು, ಆದ್ರೆ ಅದು ರಕ್ತ ಸಂಚಾರ ನಿಂತು ಸೊಂಟದ ಗುಂಡು ಸಾಯೋ ಎವಿಎನ್ ಕಾಯಿಲೆಯಲ್ಲಿ, ಅಲ್ಲಿಗೆ ತಂದು ಕೂರಿಸಿದ ಜೀವಂತ ಮೂಳೆ ತುಂಡು ಅಲ್ಲಾಡದೆ ಇರ್ಲಿ ಅಂತ. ಆ ಸ್ಕ್ರೂ ದೇಹದ ಭಾರ ಹೊರ್ತಿರಲಿಲ್ಲ. ಅಜ್ಜಿಯ ಮೂಳೆ ಸವೆತಕ್ಕೆ ಬೇರೆಯದೇ ಔಷಧ ಇದೆ, ಆಪರೇಷನ್ ಆದ್ಮೇಲೆ ಅದನ್ನ ಶುರು ಮಾಡಿಸೋಕೆ ಮರೀಬೇಡಿ, ಇದನ್ನ ಬಹಳ ಮನೆಗಳಲ್ಲಿ ಮರೆತುಬಿಡ್ತಾರೆ.

ಪ್ರಶ್ನೆ: ನಮ್ಮಪ್ಪಾಗ ಕಿಡ್ನಿ ತ್ರಾಸ ಐತ್ರಿ, ವಾರಕ್ಕ ಎರಡ ಸಲ ಡಯಾಲಿಸಿಸ್ ನಡದೈತಿ. ಕೈ ಬೆರಳ ಎಲುಬು ಮುರದೈತಿ. ಇಂಥಾ ಸ್ಕ್ರೂ ನಡೀತದೇನ್ರಿ? (ಹುಬ್ಬಳ್ಳಿ)

ಉತ್ತರ: ಕರಗಿದ ಮೆಗ್ನೀಸಿಯಂ ಹೊರಗೆ ಹೋಗೋದು ಮೂತ್ರದಲ್ಲಿ, ಕಿಡ್ನಿ ಕೆಲಸ ಮಾಡದವರ ರಕ್ತದಲ್ಲಿ ಅದು ಮೊದಲೇ ಜಾಸ್ತಿ ಇರೋ ಸಾಧ್ಯತೆ ಇರತ್ತೆ. ಬೆರಳಿನ ಸ್ಕ್ರೂ ಬಹಳ ಸಣ್ಣದು ನಿಜ, ಆದ್ರೂ ನಿಮ್ಮ ತಂದೆಗೆ ಮಾಮೂಲಿ ತಂತಿ ಅಥವಾ ಟೈಟಾನಿಯಂ ಇರುವಾಗ ಈ ಪ್ರಯೋಗ ಯಾಕೆ ಬೇಕು? ಡಯಾಲಿಸಿಸ್ ಮಾಡೋ ಡಾಕ್ಟರನ್ನ ಕೇಳದೆ ಮುಂದೆ ಹೋಗಬೇಡಿ.

ಪ್ರಶ್ನೆ: ಮಗನಿಗೆ 9 ವರ್ಷ, ಮುಂಗೈ ಮೂಳೆ ಎರಡೂ ಮುರಿದು ಒಳಗೆ ಬಳುಕೋ ರಾಡ್ ಹಾಕಿದಾರೆ, ಮುಂದಿನ ತಿಂಗಳು ತೆಗೀಬೇಕಂತೆ. ಮತ್ತೆ ಅನಸ್ತೇಸಿಯಾ ಕೊಡ್ತಾರಲ್ಲ ಅಂತ ನನ್ನ ಹೆಂಡತಿ ಅಳ್ತಾಳೆ. ಇಂಥ ಮಕ್ಕಳಿಗೆ ಕರಗೋದು ಹಾಕಿದ್ರೆ ಈ ಎರಡನೇ ಆಪರೇಷನ್ ತಪ್ಪತ್ತಲ್ವಾ? (ಪುತ್ತೂರು, ದಕ್ಷಿಣ ಕನ್ನಡ)

ಉತ್ತರ: ತಪ್ಪತ್ತೆ, ಮತ್ತೆ ನನ್ನ ಮಟ್ಟಿಗೆ ಈ ಲೋಹದ ದೊಡ್ಡ ಆಸೆ ಇರೋದೇ ಮಕ್ಕಳಲ್ಲಿ. ಬೆಳೆಯೋ ಮೂಳೆಯಲ್ಲಿ ಲೋಹ ಬಿಟ್ರೆ ಮೂಳೆ ಅದರ ಮೇಲೇ ಬೆಳೆದು ಒಳಗೆ ಮುಚ್ಕೊಳ್ಳತ್ತೆ, ಹತ್ತು ವರ್ಷ ಬಿಟ್ಟು ತೆಗೆಯೋಕೆ ಹೋದ್ರೆ ಮೂಳೆ ಕೊರೀಬೇಕಾಗತ್ತೆ, ಅದಕ್ಕೇ ಮಕ್ಕಳಲ್ಲಿ ಬೇಗ ತೆಗೀತೀವಿ. ಮೇಲೆ ಹೇಳಿದ ಗ್ರಾಟ್ಸ್‌ನವರು ಬೆಳೆಯೋ ವಯಸ್ಸಿನ ಕುರಿಗಳಲ್ಲಿ ಮೆಗ್ನೀಸಿಯಂ, ಸತು, ಕ್ಯಾಲ್ಸಿಯಂ ಬೆರೆಸಿದ ಸ್ಕ್ರೂ ಇಟ್ಟು ನೋಡಿದಾರೆ, ಮೂಳೆ ಅದನ್ನ ಚೆನ್ನಾಗಿ ಒಪ್ಕೊಂಡಿತ್ತು. ಆದ್ರೆ ನಿಮ್ಮ ಮಗನಿಗೆ ಹಾಕಿರೋ ಉದ್ದ ರಾಡ್ ಬಾಗಿದ್ರೂ ಮುರಿಯಬಾರದು, ಹುಡುಗ ಕೈ ಊರಿದ್ರೂ ತಡ್ಕೊಬೇಕು, ಅದಕ್ಕೆ ಟೈಟಾನಿಯಂನಷ್ಟು ನಂಬಿಕೆ ಸದ್ಯ ಮೆಗ್ನೀಸಿಯಂ ಮೇಲೆ ಇಡೋಕಾಗಲ್ಲ. ಹಾಗಾಗಿ ನಿಮ್ಮ ಡಾಕ್ಟರ್ ಹಾಕಿದ್ದು ಸರಿಯಾದದ್ದೇ.

ನಿಮ್ಮ ಮನೆಯವರಿಗೆ ಹೇಳಿ, ರಾಡ್ ತೆಗೆಯೋದು ಹಾಕಿದ್ದರ ಕಾಲುಭಾಗದಷ್ಟೂ ದೊಡ್ಡ ಕೆಲಸ ಅಲ್ಲ, ಹೆಚ್ಚಿನ ಮಕ್ಕಳು ಅವತ್ತೇ ಅಥವಾ ಮಾರನೇ ದಿನ ಮನೆಗೆ ಹೋಗ್ತಾರೆ. ತೆಗೆಯೋ ಮೊದಲು ಎಕ್ಸ್‌ರೇನಲ್ಲಿ ಎರಡೂ ಮೂಳೆ ಪೂರ್ತಿ ಕೂಡಿದೆಯಾ ಅಂತ ನೀವೇ ಕೇಳಿ ನೋಡ್ಕೊಳ್ಳಿ, ಅರ್ಧ ಕೂಡಿದ್ದಾಗ ತೆಗೆಯೋ ಅವಸರ ಬೇಡ, ಸ್ಕೂಲ್ ರಜ ಮುಗಿಯತ್ತೆ ಅನ್ನೋ ಕಾರಣಕ್ಕಂತೂ ಬೇಡ. ತೆಗೆದ ಮೇಲೆ ಒಂದೆರಡು ತಿಂಗಳು ಸೈಕಲ್, ಮರ ಹತ್ತೋದು, ಕ್ರಿಕೆಟ್ ಬಿಡಿಸಬೇಕು, ಮುಂಗೈ ಮತ್ತೆ ಮುರಿಯೋದು ಆ ಸಮಯದಲ್ಲೇ ಜಾಸ್ತಿ. ಇನ್ನೊಂದು, ಹಾಕಿದ ರಾಡ್ ಯಾವುದು, ಯಾವ ಲೋಹ ಅನ್ನೋ ಸ್ಟಿಕರ್ ಡಿಸ್ಚಾರ್ಜ್ ಸಮ್ಮರಿಗೋ ಕೇಸ್ ಶೀಟಿಗೋ ಅಂಟಿಸಿರ್ತಾರೆ, ಅದರ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ತುಮಕೂರಿನ ತಾಯಿಯೂ ಮಗಳ ಹತ್ರ ಅದನ್ನ ಕೇಳಿ ತರಿಸ್ಕೊಂಡು, ಮುಂದಿನ ಸಲ ಎಕ್ಸ್‌ರೇ ಜೊತೆ ಅದನ್ನೂ ಡಾಕ್ಟರಿಗೆ ತೋರಿಸಿ.